ಸಭೆಯಲ್ಲಿ ನಾನಿನ್ನೂ ಹೊರಗಿನವಳೇ?

ಪ್ರಶ್ನೆ: ನನಗೆ 34 ವರ್ಷ. ಎರಡು ವರ್ಷದ ಹಿಂದೆ ಯೇಸುವನ್ನು ನಂಬಿದೆ, ಕಳೆದ ಈಸ್ಟರ್‌ಗೆ ದೀಕ್ಷಾಸ್ನಾನವೂ ಆಯಿತು. ನಮ್ಮ ಸಭೆಯಲ್ಲಿ ಜಾಸ್ತಿ ಜನ ನಾಲ್ಕೈದು ತಲೆಮಾರಿನಿಂದ ಕ್ರೈಸ್ತರು. ಆರಾಧನೆ ಮುಗಿದ ಮೇಲೆ ಎಲ್ಲರೂ ತಮ್ಮ ತಮ್ಮ ಮನೆಯವರ ಜೊತೆ ಊಟಕ್ಕೆ ಕೂರುತ್ತಾರೆ. ನಾನು ತಟ್ಟೆ ಹಿಡಿದು ಜಾಗ ಹುಡುಕುತ್ತೇನೆ. ಮೊನ್ನೆ ಹಿರಿಯರೊಬ್ಬರು, 'ನೀನು ಹೊಸಬಳಮ್ಮ, ನಮ್ಮವಳಾಗೋಕೆ ಇನ್ನೂ ಟೈಮ್ ಬೇಕು' ಎಂದರು. ಅತ್ತ ಹೆತ್ತವರು 'ನೀನೀಗ ಅವರ ಪೈಕಿ' ಅನ್ನುತ್ತಾರೆ. ನಾನು ನಿಜಕ್ಕೂ ದೇವರ ಜನರಲ್ಲಿ ಒಬ್ಬಳಾ? ಸಭೆ ಬಿಟ್ಟು, ಮನೆಯಲ್ಲೇ ಪ್ರಾರ್ಥನೆ ಮಾಡಿಕೊಂಡು ಇದ್ದುಬಿಡಲೇ?

ಉತ್ತರ: ನಿಮ್ಮ ಪತ್ರ ಓದಿದ ಮೇಲೆ ನನ್ನ ಕಣ್ಣ ಮುಂದೆ ಉಳಿದದ್ದು ಆ ತಟ್ಟೆ. ಈ ನೋವು ಹೊಸದಲ್ಲ. ಮೊದಲ ಕ್ರೈಸ್ತರೂ ಊಟದ ಪಂಕ್ತಿಯಲ್ಲೇ ಇದನ್ನು ಕಂಡವರು.

ಅಂತಿಯೋಕ್ಯ ಅನ್ನುವ ಪಟ್ಟಣದಲ್ಲಿ ಯೇಸುವಿನ ಶಿಷ್ಯ ಪೇತ್ರ, ಯೆಹೂದ್ಯರಲ್ಲದ ವಿಶ್ವಾಸಿಗಳ ಜೊತೆ ಕೂತು ಊಟ ಮಾಡುತ್ತಿದ್ದ. ಯೆರೂಸಲೇಮಿನ ಸಭೆಯ ಮುಖಂಡ ಯಾಕೋಬನ ಕಡೆಯಿಂದ ಕೆಲವರು ಬಂದರು ನೋಡಿ, ಮೆಲ್ಲಗೆ ಹಿಂದೆ ಸರಿದ. ನಂಬಿದವರಿಗೆಲ್ಲ ಯೆಹೂದ್ಯರ ಸುನ್ನತಿ ಬೇಕೇ ಬೇಕು ಅನ್ನುವವರು ಏನಂದುಕೊಳ್ಳುತ್ತಾರೋ ಅನ್ನುವ ಭಯ. ಅವನನ್ನು ನೋಡಿ ಪೌಲನ ಜೊತೆಗಾರ ಬಾರ್ನಬನೂ ಅದೇ ದಾರಿ ಹಿಡಿದ. ಯೆಹೂದ್ಯರಲ್ಲದವರಿಗೆ ಸುವಾರ್ತೆ ಸಾರುತ್ತಿದ್ದ ಅಪೊಸ್ತಲ ಪೌಲ ಸುಮ್ಮನಿರಲಿಲ್ಲ. ಎಲ್ಲರ ಮುಂದೆಯೇ ಪೇತ್ರನನ್ನು ತರಾಟೆಗೆ ತೆಗೆದುಕೊಂಡ. ಬೈಬಲಿನಲ್ಲಿ ಅವನು ಗಲಾತ್ಯದವರಿಗೆ ಬರೆದ ಪತ್ರದ 2ನೇ ಅಧ್ಯಾಯ ತೆಗೆದು ನೋಡಿ. ಯಾರು ಯಾರ ಪಕ್ಕ ಕೂರುತ್ತಾರೆ ಅನ್ನುವುದು ಪೌಲನಿಗೆ ಸಣ್ಣ ವಿಷಯವೇ ಅಲ್ಲ. ಸುವಾರ್ತೆಯ ಸತ್ಯವೇ ಅಲ್ಲಿ ತಪ್ಪಿಹೋಗುತ್ತಿದೆ ಅಂತ ಅವನಿಗೆ ಕಂಡಿತ್ತು. ಹಾಗಾಗಿ ಸುಮ್ನೆ ಬೇಜಾರು ಮಾಡಿಕೊಳ್ಳುತ್ತಿದ್ದೇನೆ ಅಂತ ನಿಮ್ಮನ್ನು ನೀವೇ ಬೈದುಕೊಳ್ಳಬೇಡಿ.

ಈಗ ನಿಮ್ಮ ಪ್ರಶ್ನೆ. ಹೌದು, ನೀವು ದೇವರ ಜನರಲ್ಲಿ ಒಬ್ಬರು. ತಮಾಷೆ ನೋಡಿ, ಅಂದು ಪಂಕ್ತಿಯಿಂದ ಎದ್ದ ಪೇತ್ರನ ಹೆಸರಿನ ಮೊದಲ ಪತ್ರದಲ್ಲೇ ಇದಕ್ಕೆ ಉತ್ತರವಿದೆ. 2ನೇ ಅಧ್ಯಾಯದ 10ನೇ ವಚನದ ಸಾರ ಇಷ್ಟು: ಮೊದಲು ನೀವು ಜನವೇ ಆಗಿರಲಿಲ್ಲ, ಈಗ ದೇವರ ಜನ. ಈ ಮಾತಿನ ಬೇರು ಪ್ರವಾದಿ ಹೋಶೇಯನ ಮನೆಯಲ್ಲಿದೆ. ಅವನ ಮೂರನೆಯ ಮಗುವಿಗೆ ಇಟ್ಟ ಹೆಸರು ಲೋ-ಅಮ್ಮಿ. ಹಾಗೆಂದರೆ 'ನನ್ನ ಜನವಲ್ಲ'. ಎಂಥ ಹೆಸರು! ಆದರೆ ಮುಂದೆ ಅದೇ ಪುಸ್ತಕದಲ್ಲಿ ದೇವರು, 'ನನ್ನ ಜನವಲ್ಲ' ಅನ್ನಿಸಿಕೊಂಡವರನ್ನೇ 'ನೀನು ನನ್ನ ಜನ' ಅಂತ ಕರೆಯುತ್ತಾನೆ. ಇಲ್ಲಿ ವಂಶಾವಳಿ ಕೇಳುವುದಿಲ್ಲ. ಕರೆದವನ ಕರುಣೆಯೊಂದೇ ಲೆಕ್ಕ.

ರೋಮಾಪುರದವರಿಗೆ ಬರೆದ ಪತ್ರದ 11ನೇ ಅಧ್ಯಾಯದಲ್ಲಿ ಪೌಲ ಹೇಳುವುದು ಎಣ್ಣೆಮರದ, ಅಂದರೆ ಆಲಿವ್ ಮರದ ಕಥೆ. ಇಸ್ರಾಯೇಲಿನ ಬೇರಿರುವ ಮರಕ್ಕೆ ಕಾಡುಮರದ ಕೊಂಬೆಗಳನ್ನು ಕಸಿ ಕಟ್ಟಲಾಗಿದೆ. ಕೊಂಬೆ ಬೇರನ್ನು ಹೊತ್ತಿಲ್ಲ, ಬೇರೇ ಕೊಂಬೆಯನ್ನು ಹೊತ್ತಿದೆ, ಆದ್ದರಿಂದ ಜಂಬ ಬೇಡ ಅನ್ನುತ್ತಾನೆ. ಹೊರಗಿನ ಜನಾಂಗಗಳಿಂದ ಬಂದ ಕ್ರೈಸ್ತರೆಲ್ಲರೂ ಕಸಿ ಕಟ್ಟಿದ ಕೊಂಬೆಗಳೇ. ಕೆಲವರದು ಹಳೆಯ ಕಸಿ, ನಿಮ್ಮದು ಮೊನ್ನೆಯದು, ಅಷ್ಟೇ.

ಇನ್ನೊಂದು ವಿಷಯ ನನಗೆ ತುಂಬ ಇಷ್ಟ. ಪೇತ್ರನ ಆ ಪತ್ರದಲ್ಲಿ 'ನೀವು ದೇವರ ಜನ' ಅಂದ ಮರುವಚನದಲ್ಲೇ ಅದೇ ಓದುಗರನ್ನು ಪರದೇಶಿಗಳು, ಪ್ರವಾಸಿಗಳು ಅಂತ ಕರೆದಿದೆ. ಅಂದರೆ ಪರಕೀಯ ಅನ್ನಿಸುವುದೂ ದೇವರ ಜನವಾಗಿರುವುದೂ ಒಟ್ಟೊಟ್ಟಿಗೇ ಇರಬಹುದು. ನಿಮಗೆ ಹಾಗನ್ನಿಸಿದ ಮಾತ್ರಕ್ಕೆ ನೀವು ಹೊರಗಿನವರಾಗುವುದಿಲ್ಲ.

ಹೆತ್ತವರ ವಿಷಯ ಚಿಕ್ಕದಾಗಿ ಹೇಳುತ್ತೇನೆ. ತಂದೆತಾಯಿಯನ್ನು ಗೌರವಿಸು ಅನ್ನುವುದು ಹತ್ತು ಆಜ್ಞೆಗಳಲ್ಲೇ ಇದೆ. ದೇವರ ಜನವಾಗಲು ನೀವು ಅವರ ಮಗಳಾಗಿರುವುದನ್ನು ಬಿಡಬೇಕಿಲ್ಲ. ಇದನ್ನು ಬಾಯಿಬಿಟ್ಟು ಅವರಿಗೆ ಹೇಳಿ.

ಸಭೆ ಬಿಡಲೇ ಅಂದಿರಿ. ಬೇಡ. ಮನೆಯಲ್ಲಿ ಪ್ರಾರ್ಥನೆ ಖಂಡಿತ ಮಾಡಿ. ಆದರೆ ಕನ್ನಡದಲ್ಲಿ 'ಜನ ಬಂದರು' ಅಂತೀವಿ, 'ಜನ ಬಂದಳು' ಅಂತ ಯಾರಾದರೂ ಅಂತಾರಾ? ಒಬ್ಬರೇ ಕೂತು ಜನ ಆಗುವುದಕ್ಕೆ ಆಗಲ್ಲ. ದೇಹದ ಒಂದು ಅಂಗ ಇನ್ನೊಂದಕ್ಕೆ 'ನೀನು ನನಗೆ ಬೇಡ' ಅನ್ನುವ ಹಾಗಿಲ್ಲ ಅಂತ ಕೊರಿಂಥದವರಿಗೆ ಪೌಲ ಬರೆದದ್ದು ನಿಮಗೂ ಸೇರುತ್ತದೆ, ಆ ಹಿರಿಯರಿಗೂ ಸೇರುತ್ತದೆ. ಹಳಬರು ಬೇಕಂತಲೇ ದೂರ ಇಡುತ್ತಿದ್ದಾರೆ ಅಂತ ನನಗೆ ಅನ್ನಿಸುವುದಿಲ್ಲ. ಅಭ್ಯಾಸಬಲ. ಅದನ್ನು ಯಾರಾದರೂ ತೋರಿಸಿಕೊಡಬೇಕು. ಸಭಾಪಾಲಕರ ಕಿವಿಗೆ ಹಾಕಿ, ದೂರಿನ ಧಾಟಿಯಲ್ಲಿ ಬೇಡ, ನನಗೆ ಕೊಟ್ಟ ಹಾಗೆ ತಟ್ಟೆಯ ಚಿತ್ರ ಕೊಡಿ ಸಾಕು.

ಮುಂದಿನ ಭಾನುವಾರ ಊಟಕ್ಕೆ ಆ ಹಿರಿಯರ ಪಕ್ಕದಲ್ಲೇ ಹೋಗಿ ಕೂರಿ. ವಾದ ಮಾಡಬೇಡಿ. ಅವರ ಮನೆಯಲ್ಲಿ ಮೊಟ್ಟಮೊದಲು ಯೇಸುವನ್ನು ನಂಬಿದವರು ಯಾರು ಅಂತ ಕೇಳಿ. ನಾಲ್ಕೈದು ತಲೆಮಾರಿನ ಹಿಂದೆ ಅವರ ಮನೆಯಲ್ಲೂ ಯಾರೋ ಒಬ್ಬರು ಹೊಸಬರಾಗಿ, ಕೂರಲು ಜಾಗ ಹುಡುಕುತ್ತಾ ನಿಂತಿರಲೇಬೇಕು, ಅಲ್ವಾ?