ಆ ಎಂಟು ನಿಮಿಷಗಳ ಬಗ್ಗೆ

ಮಾನ್ಯ ಓದುಗರೇ,

ಕಳೆದ ಸಂಚಿಕೆಯಲ್ಲಿ ಬ್ರಿಟನ್ನಿನ ರಾಕ್ ತಂಡ ಪಿಂಕ್ ಫ್ಲಾಯ್ಡ್ ಕುರಿತು ಬಂದ ಲೇಖನ ಓದಿ ಶಿವಮೊಗ್ಗದಿಂದ ತಾವು ಬರೆದ ಪತ್ರ ತಲುಪಿದೆ. "ಗಾಯಕನ ದನಿ ಕೇಳಲು ಎಂಟು ನಿಮಿಷ ಕಾಯಬೇಕೆಂದರೆ ಅದು ಹಾಡು ಹೇಗಾಗುತ್ತದೆ? ಬೆಳಕು, ಹೊಗೆಯ ಆಡಂಬರ ಕಳೆದರೆ ಈ ತಂಡದಲ್ಲಿ ಉಳಿಯುವುದೇನು?" ಎಂದು ಕೇಳಿದ್ದೀರಿ. ತಾವು ಹೆಸರಿಸಿದ ಹಾಡು 'ಶೈನ್ ಆನ್ ಯು ಕ್ರೇಜಿ ಡೈಮಂಡ್'. ನನ್ನ ಉತ್ತರ ಆ ಹಾಡಿನಲ್ಲೇ ಇದೆ.

1965ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಈ ತಂಡದ ಜೀವವೇ ಸಿಡ್ ಬ್ಯಾರೆಟ್. ಅಮೆರಿಕದ ಇಬ್ಬರು ಬ್ಲೂಸ್ ಗಾಯಕರ ಹೆಸರುಗಳನ್ನು ಜೋಡಿಸಿ ತಂಡಕ್ಕೆ ಹೆಸರಿಟ್ಟವನು ಅವನು. 1967ರ ಮೊದಲ ಆಲ್ಬಮ್ಮಿನ ಹೆಚ್ಚಿನ ಹಾಡುಗಳೂ ಅವನವೇ. ಅಷ್ಟರಲ್ಲೇ ಮನಸ್ಸು ಕೈತಪ್ಪತೊಡಗಿತ್ತು. 1968ರಲ್ಲಿ ಗೆಳೆಯರು ಅವನನ್ನು ಬಿಟ್ಟು ಮುಂದೆ ನಡೆದರು. ಗಿಟಾರಿಗೆ ಡೇವಿಡ್ ಗಿಲ್ಮರ್ ಬಂದ, ಸಾಹಿತ್ಯದ ಹೊಣೆ ಬಹುಪಾಲು ರಾಜರ್ ವಾಟರ್ಸ್ ಹೆಗಲೇರಿತು. 1973ರ 'ದಿ ಡಾರ್ಕ್ ಸೈಡ್ ಆಫ್ ದಿ ಮೂನ್' ಆಲ್ಬಮ್ ಅವರನ್ನು ಜಗತ್ತಿನ ಮನೆಮನೆಗೆ ತಲುಪಿಸಿತು.

ಆ ಗೆಲುವಿನ ಬಳಿಕ ಅವರು ಬರೆದದ್ದು ಬಿಟ್ಟುಬಂದ ಗೆಳೆಯನ ಮೇಲಿನ ಈ ಹಾಡು. 1975ರ ಜೂನ್‌ನಲ್ಲಿ ಆಬ್ಬೀ ರೋಡ್ ಸ್ಟುಡಿಯೋದಲ್ಲಿ ಅದರ ಕೆಲಸ ನಡೆದಿದ್ದಾಗ, ತಲೆ ಮತ್ತು ಹುಬ್ಬು ಬೋಳಿಸಿಕೊಂಡಿದ್ದ ದಪ್ಪ ಮೈಯ ಮನುಷ್ಯನೊಬ್ಬ ಒಳಬಂದು ಕುಳಿತ. ಯಾರಿಗೂ ಗುರುತು ಹತ್ತಲಿಲ್ಲ. ಅವನೇ ಬ್ಯಾರೆಟ್. ತಿಳಿದಾಗ ವಾಟರ್ಸ್ ಅತ್ತ. ಈ ಸಂಗತಿ ಎಷ್ಟು ಸಲ ಓದಿದರೂ ನನ್ನ ಗಂಟಲು ಕಟ್ಟುತ್ತದೆ.

ಆ ಎಂಟು ನಿಮಿಷ ವ್ಯರ್ಥವಲ್ಲವೆಂದು ನಾನು ನಂಬಿರುವುದು ಇದಕ್ಕೇ. ಇಲ್ಲದವನಿಗಾಗಿ ಕಾಯುವುದೇ ಈ ಹಾಡಿನ ವಸ್ತು. ತಂಡದ ರಿಚರ್ಡ್ ರೈಟ್‌ನ ಕೀಬೋರ್ಡ್ ಮಂಜಿನಂತೆ ಹರಡುತ್ತದೆ, ಅದರ ಮೇಲೆ ಗಿಟಾರ್ ತಡವರಿಸುತ್ತಾ ದಾರಿ ಹುಡುಕುತ್ತದೆ. ಆಲಾಪನೆ ನಡೆಯುವಾಗ ಪಲ್ಲವಿ ಇನ್ನೂ ಬರಲಿಲ್ಲವೆಂದು ನಾವು ಎದ್ದು ಹೋಗುವುದಿಲ್ಲವಲ್ಲ! ಎರಡೂ ಒಂದೇ ಬಗೆಯ ಸಂಗೀತವೆಂದು ಹೇಳುತ್ತಿಲ್ಲ. ಕೇಳುಗನಿಂದ ಬೇಡುವ ತಾಳ್ಮೆ ಮಾತ್ರ ಒಂದೇ.

ಆಡಂಬರದ ಮಾತನ್ನು ಅರ್ಧ ಒಪ್ಪುತ್ತೇನೆ. 'ದಿ ವಾಲ್' (ಗೋಡೆ) ಎಂಬ ಆಲ್ಬಮ್ಮಿನ ಪ್ರದರ್ಶನಗಳಲ್ಲಿ ತಮಗೂ ಪ್ರೇಕ್ಷಕರಿಗೂ ನಡುವೆ ನಿಜವಾದ ಗೋಡೆಯನ್ನೇ ಕಟ್ಟಿದರು. ಅಲ್ಲಿ ನನಗೆ ಗೋಡೆಯೇ ಹೆಚ್ಚು ಕಾಣುತ್ತದೆ. 1985ರಲ್ಲಿ ವಾಟರ್ಸ್ ಹೊರನಡೆದ ಮೇಲೆ ತಂಡದ ಹೆಸರಿಗಾಗಿ ನಡೆದ ಕಾನೂನು ಜಗಳ ಅಭಿಮಾನಿಗಳಿಗೆ ನೋವು ತಂದಿತು. ಆದರೂ 2005ರ ಜುಲೈನಲ್ಲಿ ಲಂಡನ್ನಿನ ಹೈಡ್ ಪಾರ್ಕಿನಲ್ಲಿ ವಾಟರ್ಸ್, ಗಿಲ್ಮರ್, ರೈಟ್ ಮತ್ತು ಡ್ರಮ್ಸ್ ನುಡಿಸುವ ನಿಕ್ ಮೇಸನ್ ನಾಲ್ವರೂ ಒಂದೇ ವೇದಿಕೆಗೆ ಬಂದರು. ವಾಟರ್ಸ್ ಅಂದೂ ಸಿಡ್‌ನನ್ನು ನೆನೆದ. ಮರುವರ್ಷ ಬ್ಯಾರೆಟ್ ತೀರಿಕೊಂಡ.

ಒಂದು ವಿನಂತಿ. ಮೊಬೈಲಿನ ಸಣ್ಣ ಸ್ಪೀಕರ್ ಬಿಟ್ಟು, ರಾತ್ರಿ ಊಟವಾದ ಮೇಲೆ ಹೆಡ್‌ಫೋನ್ ಹಾಕಿಕೊಂಡು ಇನ್ನೊಮ್ಮೆ ಕೇಳಿ. ಸುಮಾರು ನಾಲ್ಕನೆಯ ನಿಮಿಷಕ್ಕೆ ಗಿಟಾರ್ ಒಂಟಿಯಾಗಿ ನಾಲ್ಕು ಸ್ವರ ನುಡಿಸುತ್ತದೆ. ಅಲ್ಲಿಯವರೆಗೆ ಕುಳಿತಿದ್ದು, ಏನನ್ನಿಸಿತೆಂದು ಮತ್ತೆ ಬರೆಯಿರಿ.

– ಸಂಪಾದಕ