ಗೊತ್ತಿರುವುದನ್ನೇ ಗಂಡಸರು ಹೆಂಗಸರಿಗೆ ಬಿಡಿಸಿ ಹೇಳಲು ಹೊರಡುವುದೇಕೆ?

ಎದುರಿಗಿರುವವಳಿಗೆ ಎಷ್ಟು ಗೊತ್ತು ಎಂಬುದನ್ನು ಅವಳ ಮಾತು ಕೇಳುವ ಮೊದಲೇ ತೀರ್ಮಾನಿಸಿಬಿಡುವುದರಿಂದ. ದುರುದ್ದೇಶ ಇರಲೇಬೇಕೆಂದಿಲ್ಲ, ‘ಇದು ಗಂಡಸರ ವಿಷಯ’ ಎಂಬ ಅಂದಾಜೊಂದೇ ಸಾಕು.

ಕೊಡಗಿನಲ್ಲಿ ನಮ್ಮ ಚಿಕ್ಕಮ್ಮ 19 ವರ್ಷಗಳಿಂದ ಒಬ್ಬರೇ ಕಾಫಿ ತೋಟ ನೋಡಿಕೊಳ್ಳುತ್ತಿದ್ದಾರೆ. ಕಳೆದ ಮಾರ್ಚ್‌ನಲ್ಲಿ ಸ್ಪ್ರಿಂಕ್ಲರ್ ಪೈಪಿನ ವಾಷರ್ ಕೊಳ್ಳಲು ಹೋದಾಗ ಅಂಗಡಿಯವರ ಮೊದಲ ಪ್ರಶ್ನೆ, ‘ಯಜಮಾನರು ಬರಲಿಲ್ಲವೇ?’ ಪಕ್ಕದಲ್ಲಿ ನಿಂತಿದ್ದವರೊಬ್ಬರು, ರೋಬಸ್ಟಾ ತಳಿಯ ಕಾಫಿ ಹೂ ಅರಳಿ ಎರಡು ಮೂರು ವಾರದಲ್ಲಿ ಇನ್ನೊಮ್ಮೆ ನೀರು ಕೊಡಬೇಕು, ಇಲ್ಲವಾದರೆ ಕಾಯಿ ನಿಲ್ಲುವುದಿಲ್ಲ ಎಂದು ಪಾಠ ಶುರು ಮಾಡಿದರು. ಆ ಎರಡನೇ ನೀರಿಗೆಂದೇ ಚಿಕ್ಕಮ್ಮ ವಾಷರ್ ಕೊಳ್ಳುತ್ತಿದ್ದರು! ‘ಹೌದು ಹೌದು’ ಎಂದು ಚೀಲ ಎತ್ತಿಕೊಂಡು ಬಂದರು.

ಎದುರು ಮಾತನಾಡಿದರೆ ಜಂಬದವಳು ಎನಿಸಿಕೊಳ್ಳಬೇಕು, ಅದಕ್ಕೇ ಸುಮ್ಮನಾಗುತ್ತಾರೆ. ಆ ಮೌನವನ್ನು ಹೇಳುವವರು ‘ಪಾಪ, ಗೊತ್ತಿರಲಿಲ್ಲ’ ಎಂದು ಓದಿಕೊಳ್ಳುತ್ತಾರೆ. ಹೀಗೆ ತಪ್ಪು ಅಂದಾಜು ತಿದ್ದುಪಡಿಯಿಲ್ಲದೆ ಮುಂದಿನ ಹೆಂಗಸಿನವರೆಗೂ ಸಾಗುತ್ತದೆ. ಇದರಲ್ಲಿ ಸುಮ್ಮನಿದ್ದವರ ತಪ್ಪು ನನಗಂತೂ ಕಾಣುವುದಿಲ್ಲ.

ಮಾತನ್ನು ಅರ್ಧಕ್ಕೇ ತುಂಡರಿಸುವುದೂ ಇದೇ ಅಭ್ಯಾಸದ ಇನ್ನೊಂದು ಮುಖ. ಅಮೆರಿಕದ ಸಮಾಜಶಾಸ್ತ್ರಜ್ಞರಾದ ಜಿಮ್ಮರ್‌ಮನ್ ಮತ್ತು ವೆಸ್ಟ್ 1975ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಗಂಡು ಹೆಣ್ಣಿನ ನಡುವಿನ ಸಂಭಾಷಣೆಗಳಲ್ಲಿ ಮಾತು ತುಂಡಾದ 48 ಸಲದಲ್ಲಿ 46 ಸಲ ಬಾಯಿ ಹಾಕಿದವರು ಗಂಡಸರೇ. ಮಾದರಿ ಚಿಕ್ಕದು, ನಿಜ. ಆದರೂ ಆ ಅಂಗಡಿಯಲ್ಲಿ ಒಬ್ಬರಾದರೂ ‘ನೀವು ಎಷ್ಟನೇ ದಿನಕ್ಕೆ ನೀರು ಕೊಡುತ್ತೀರಿ?’ ಎಂದು ಕೇಳಿದ್ದರೆ, ಚಿಕ್ಕಮ್ಮನ ಬಳಿ 19 ವರ್ಷಗಳ ಲೆಕ್ಕವಿತ್ತು.