ಪಾಲಿಶ್ ಮೆಷಿನ್: ಯಾವುದು ತಗೊಳ್ಳಲಿ?

ಕಾರಿನ ಬಣ್ಣ, ಹೊಳಪಿನ ಬಗ್ಗೆ ಓದುಗರು ಕೇಳಿದ ಪ್ರಶ್ನೆಗಳಿಗೆ ಮೈಸೂರಿನಲ್ಲಿ ಡೀಟೇಲಿಂಗ್ ಶೆಡ್ ನಡೆಸುವವರ ಉತ್ತರ.

ಪ್ರಶ್ನೆ: ನನ್ನದು ಕಪ್ಪು ಬಣ್ಣದ ಸೆಡಾನ್, ಆರು ವರ್ಷ ಹಳೆಯದು. ನೆರಳಲ್ಲಿ ಚೆನ್ನಾಗಿ ಕಾಣುತ್ತದೆ. ಬಿಸಿಲಿಗೆ ನಿಲ್ಲಿಸಿದರೆ ಬಾನೆಟ್ ತುಂಬಾ ಜೇಡರ ಬಲೆಯಂಥ ಗೀರು. ನಾನೇ ಪಾಲಿಶ್ ಮಾಡೋಣ ಅಂತಿದ್ದೇನೆ. ಅಂಗಡಿಯವರು ರೋಟರಿ ಮೆಷಿನ್ ತಗೊಳ್ಳಿ, ಬೇಗ ಆಗುತ್ತೆ ಅಂತಾರೆ. ಆನ್‌ಲೈನ್‌ನಲ್ಲಿ ನೋಡಿದರೆ ಡಿಎ ಅಂತ ಇದೆ, ಅದರಲ್ಲೂ 8, 15, 21 ಎಂಎಂ. ಬಜೆಟ್ ಹತ್ತು ಸಾವಿರ. ಏನು ಮಾಡಲಿ?
— ದಾವಣಗೆರೆಯ ಓದುಗರು

ಉತ್ತರ: 15 ಎಂಎಂ ಡಿಎ (ಡ್ಯುಯಲ್ ಆಕ್ಷನ್), ಪ್ಯಾಡ್ ಅಂಟಿಸುವ ಪ್ಲೇಟ್ 5 ಇಂಚಿನದು ಇರುವುದು. ಕಣ್ಣು ಮುಚ್ಚಿ ತಗೊಳ್ಳಿ.

ಅಂಗಡಿಯವರು ಸುಳ್ಳೇನೂ ಹೇಳಿಲ್ಲ. ರೋಟರಿ ನಿಜಕ್ಕೂ ಬೇಗ ಉಜ್ಜುತ್ತದೆ. ಆದರೆ ಅದರ ಪ್ಯಾಡ್ ಒಂದೇ ನಡುವಿನ ಸುತ್ತ ಗಿರಗಿರ ತಿರುಗುತ್ತದೆ, ಶಾಖವೆಲ್ಲ ಒಂದೇ ಕಡೆ ಕೂರುತ್ತದೆ. ಡೋರ್ ಅಂಚಿನ ಮೇಲೋ ಬಾನೆಟ್ ಗೆರೆಯ ಮೇಲೋ ಒಂದೆರಡು ಕ್ಷಣ ಜಾಸ್ತಿ ನಿಂತಿತು ಅನ್ನಿ, ಬಣ್ಣದ ಮೇಲಿನ ಪಾರದರ್ಶಕ ಪದರ, ಅಂದರೆ ಕ್ಲಿಯರ್ ಕೋಟ್, ಸುಟ್ಟು ಹೋಗುತ್ತದೆ. ಮತ್ತೆ ಪೇಂಟ್ ಬೂತೇ ಗತಿ. ಅಂಚು ಉಳಿಸಿಕೊಂಡರೂ ಕಪ್ಪು ಗಾಡಿ ಮೇಲೆ ಹೊಲೊಗ್ರಾಮ್ ಬಿಡುತ್ತದೆ. ಅಂದರೆ ಬಿಸಿಲಲ್ಲಿ ನೋಡಿದಾಗ ಮೆಷಿನ್ ಓಡಾಡಿದ ದಾರಿಯೆಲ್ಲ ಪಟ್ಟೆ ಪಟ್ಟೆಯಾಗಿ ಕಾಣುತ್ತದೆ. ನಮ್ಮ ಶೆಡ್‌ನಲ್ಲೂ ರೋಟರಿ ಇದೆ. ಹೊಸ ಪೇಂಟ್ ಮೇಲಿನ ಎಮರಿ ಗುರುತು ತೆಗೆಯಲು ಅದೇ ಬೇಕು. ಆದರೆ ಅದನ್ನು ಹೊಸ ಹುಡುಗರ ಕೈಗೆ ನಾನು ಕೊಡುವುದಿಲ್ಲ.

ಡಿಎ ಎರಡು ಥರ ಚಲಿಸುತ್ತದೆ. ಪ್ಯಾಡ್ ತಾನೂ ತಿರುಗುತ್ತದೆ, ಜೊತೆಗೆ ಸಣ್ಣ ವೃತ್ತದಲ್ಲಿ ಓಲಾಡುತ್ತದೆ. ಆ ಓಲಾಟ ಎಷ್ಟು ಅಗಲ ಅನ್ನೋದೇ ಈ 8, 15, 21 ಎಂಎಂ ಲೆಕ್ಕ. 8 ಇದ್ದರೆ ಸಣ್ಣ ಜಾಗಕ್ಕೆ ಸರಿ, ಕೆಲಸ ನಿಧಾನ. 21 ಇದ್ದರೆ ಎಸ್‌ಯುವಿಯ ರೂಫ್, ಬಾನೆಟ್ ಬೇಗ ಮುಗಿಯುತ್ತವೆ, ಆದರೆ ಸೆಡಾನ್ ಬಂಪರ್‌ನ ತಿರುವುಗಳಲ್ಲಿ ಅದನ್ನು ಹಿಡಿಯೋದೇ ಕಷ್ಟ. ಒಂದೇ ಮೆಷಿನ್ ಅಂದರೆ 15.

ಡಿಎಯಲ್ಲಿ ಜಾಸ್ತಿ ಒತ್ತಿದರೆ, ಇಲ್ಲವೇ ತಿರುವಿನಲ್ಲಿ ಓರೆಯಾಗಿ ಹಿಡಿದರೆ, ಪ್ಯಾಡ್ ತಿರುಗೋದು ನಿಂತು ಬರೀ ನಡುಗುತ್ತಿರುತ್ತದೆ. ಸದ್ದು ಮಾತ್ರ ಹಾಗೇ ಇರುತ್ತದೆ, ಹಾಗಾಗಿ ಗೊತ್ತಾಗುವುದಿಲ್ಲ. ಒಂದು ಉಪಾಯ ಇದೆ. ಮಾರ್ಕರ್ ಪೆನ್‌ನಲ್ಲಿ ಪ್ಲೇಟ್‌ನ ಅಂಚಿಗೆ ಒಂದು ದಪ್ಪ ಗೆರೆ ಎಳೆಯಿರಿ. ಗೆರೆ ಸುತ್ತು ಹಾಕುತ್ತಿದ್ದರೆ ಕೆಲಸ ಆಗುತ್ತಿದೆ. ನಿಂತಲ್ಲೇ ನಡುಗುತ್ತಿದ್ದರೆ ಒತ್ತಡ ಕಡಿಮೆ ಮಾಡಿ, ಪ್ಯಾಡ್ ಸಮನಾಗಿ ಕೂರಿಸಿ.

ಹತ್ತು ಸಾವಿರಕ್ಕೆ ಇಟಲಿಯ ರೂಪೆಸ್ ಕಂಪನಿಯ ಮೆಷಿನ್ ಬರುವುದಿಲ್ಲ. ಬೇಕಾಗೂ ಇಲ್ಲ. ಸ್ಪೀಡ್ ಡಯಲ್ ಇರಲಿ, ಕಾರ್ಬನ್ ಬ್ರಷ್ ಮತ್ತು ಪ್ಲೇಟ್ ಬಿಡಿಯಾಗಿ ಸಿಗಲಿ. ಅಂಗಡಿಯಲ್ಲೇ ಆನ್ ಮಾಡಿ ಎರಡು ನಿಮಿಷ ಕೈಯಲ್ಲಿ ಹಿಡಿದು ನೋಡಿ. ಬೆರಳು ಜೋಮು ಹಿಡಿದರೆ ಅದು ಬೇಡ. ಮೂರನೇ ಒಂದು ಭಾಗ ದುಡ್ಡು ಪ್ಯಾಡ್‌ಗೇ ಎತ್ತಿಡಿ. ಎಲ್ಲರೂ ಮೆಷಿನ್‌ಗೆ ಸುರಿದು ಒಂದೇ ಪ್ಯಾಡ್‌ನಲ್ಲಿ ಇಡೀ ಗಾಡಿ ತಿಕ್ಕುತ್ತಾರೆ. ಎರಡು ಪ್ಯಾನೆಲ್ ಆಗುವಷ್ಟರಲ್ಲಿ ಫೋಮ್ ಒದ್ದೆಯಾಗಿ, ಬಿಸಿಯಾಗಿ, ಪಾಲಿಶ್ ಗಟ್ಟಿಕಟ್ಟಿರುತ್ತದೆ. ಒಂದೇ ಥರದ ನಾಲ್ಕೈದು ಪ್ಯಾಡ್ ಬೇಕೇ ಬೇಕು.

ಮೊದಲು ಗಾಡಿ ತೊಳೆದು, ಮೈಗೆ ಅಂಟಿದ ಕೊಳೆ ಎತ್ತುವ ಜೇಡಿಮಣ್ಣಿನಂಥ ಕ್ಲೇ ಬಾರ್ ಎಳೆದು, ಬೀಡಿಂಗ್‌ಗೆ ಮಾಸ್ಕಿಂಗ್ ಟೇಪ್ ಹಚ್ಚಿ. ಬಾನೆಟ್‌ನ ಒಂದು ಮೂಲೆಯಲ್ಲಿ ಎರಡಡಿ ಚೌಕ ಗುರುತು ಮಾಡಿಕೊಂಡು ಮಧ್ಯಮ ಫೋಮ್, ಮೃದು ಪಾಲಿಶ್‌ನಿಂದ ಶುರು ಮಾಡಿ. ಪ್ಯಾಡ್ ಮೇಲೆ ನಾಲ್ಕು ಹನಿ ಸಾಕು. ಕಡಿಮೆ ಸ್ಪೀಡ್‌ನಲ್ಲಿ ಹರಡಿ, ಆಮೇಲೆ ಡಯಲ್ 4ಕ್ಕೋ 5ಕ್ಕೋ ತಿರುಗಿಸಿ, ಅಡ್ಡಕ್ಕೊಮ್ಮೆ ಉದ್ದಕ್ಕೊಮ್ಮೆ ನಿಧಾನಕ್ಕೆ ಓಡಿಸಿ. ನೀರು ಬೆರೆಸಿದ ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿ, ಟಾರ್ಚ್ ಬಿಟ್ಟು ನೋಡಿ. ಗೀರು ಹೋಗದಿದ್ದರೆ ಮಾತ್ರ ಇನ್ನೂ ಖಡಕ್ ಕಾಂಪೌಂಡ್. ಇದೆಲ್ಲ ನೆರಳಲ್ಲಿ. ನಿಮ್ಮೂರ ಏಪ್ರಿಲ್ ಬಿಸಿಲಿಗೆ ಕಾದ ಬಾನೆಟ್ ಮೇಲೆ ಪಾಲಿಶ್ ಹಾಕಿದ ಕೂಡಲೇ ಒಣಗಿಬಿಡುತ್ತದೆ.

ಇನ್ನೊಂದು ವಿಷಯ, ಆ ಗೀರು ಬಂದಿದ್ದೇ ದಿನಾ ಬೆಳಗ್ಗೆ ಒಣಬಟ್ಟೆಯಲ್ಲಿ ಧೂಳು ಹೊಡೆಸುವುದರಿಂದ. ಅದು ನಿಲ್ಲದಿದ್ದರೆ ಮೆಷಿನ್ ತಂದೂ ದಂಡ.

ಪ್ರಶ್ನೆ: ಮನೆಯಲ್ಲಿ 4 ಇಂಚಿನ ಗ್ರೈಂಡರ್ ಇದೆ. ಅದಕ್ಕೇ ಸ್ಪಂಜ್ ಪ್ಯಾಡ್ ಸಿಕ್ಕಿಸಿದರೆ ಆಗಲ್ವಾ?
— ಶಿವಮೊಗ್ಗದ ಓದುಗರು

ಉತ್ತರ: ಆಗಲ್ಲ ಸ್ವಾಮಿ. ಪಾಲಿಶಿಂಗ್ ರೋಟರಿ ಸಾಮಾನ್ಯವಾಗಿ 600ರಿಂದ 3000 ಆರ್‌ಪಿಎಂ ಒಳಗೆ ಓಡುತ್ತದೆ. ನಿಮ್ಮ ಗ್ರೈಂಡರ್ ಓಡೋದು ಸುಮಾರು 11,000ದಲ್ಲಿ. ಪಾಲಿಶ್ ಗೋಡೆಗೆಲ್ಲ ಸಿಡಿಯುತ್ತದೆ, ಪ್ಯಾಡ್ ಹರಿದು ಹಾರಿದರೂ ಹಾರಿತು. ಗ್ರೈಂಡರ್ ಕಬ್ಬಿಣಕ್ಕೇ ಇರಲಿ.

ಪ್ರಶ್ನೆ: ಹೋದ ತಿಂಗಳು ಡಿಎ ಮೆಷಿನ್ ತಂದೆವು. ನಮ್ಮ ಯಜಮಾನರಿಗೆ ಅದರ ಹುಚ್ಚು ಹಿಡಿದಿದೆ. ತಿಂಗಳಿಗೊಂದು ಸಲ ಪಾಲಿಶ್ ಮಾಡಿದರೆ ಗಾಡಿ ಹೊಸದರಂತೆ ಇರುತ್ತೆ ಅಂತಾರೆ. ನಿಜವೇ?
— ಉಡುಪಿಯ ಓದುಗರು

ಉತ್ತರ: ಮೆಷಿನ್ ಒಂದಷ್ಟು ದಿನ ಬಚ್ಚಿಡಿ ಅಕ್ಕಾ. ಕಂಪನಿಯಿಂದ ಬಂದ ಕಾರಿನ ಬಣ್ಣ ಎಲ್ಲ ಪದರ ಸೇರಿ ಸಾಮಾನ್ಯವಾಗಿ 100ರಿಂದ 140 ಮೈಕ್ರಾನ್. ಸಾವಿರ ಮೈಕ್ರಾನ್ ಅಂದರೆ ಒಂದು ಮಿಲಿಮೀಟರ್. ಅದರಲ್ಲಿ ಮೇಲಿನ ಕ್ಲಿಯರ್ ಕೋಟ್ 35ರಿಂದ 50 ಇರಬಹುದು, ಅಷ್ಟೇ. ಬಿಸಿಲಿನಿಂದ ಬಣ್ಣ ಕಾಯುವುದು ಆ ಪದರವೇ. ಪಾಲಿಶ್ ಅಂದರೆ ಗೀರು ತುಂಬಿಸುವುದಲ್ಲ, ಗೀರಿನ ಸುತ್ತಲಿನ ಪದರವನ್ನೇ ತೆಳುವಾಗಿ ಸವೆಸಿ ಮಟ್ಟ ಮಾಡುವುದು. ಪ್ರತಿ ಸಲವೂ ಒಂದಿಷ್ಟು ಹೋಗುತ್ತದೆ, ತಿರುಗಿ ಬರುವುದಿಲ್ಲ. ತಿಂಗಳಿಗೊಮ್ಮೆ ಉಜ್ಜಿದರೆ ಅದು ಎಷ್ಟು ವರ್ಷ ತಾಳೀತು ಹೇಳಿ. ತಿಂಗಳಿಗೊಮ್ಮೆ ಏನಾದರೂ ಮಾಡಲೇಬೇಕು ಅಂತಿದ್ದರೆ ಕೈಯಲ್ಲಿ ವ್ಯಾಕ್ಸ್ ಹಚ್ಚಲಿ. ಅದರಿಂದ ಏನೂ ಸವೆಯುವುದಿಲ್ಲ, ಅವರಿಗೂ ಸಮಾಧಾನ. ಮ್ಯಾಟ್ ಫಿನಿಶ್ ಗಾಡಿಯಾಗಿದ್ದರೆ ಮಾತ್ರ ಪಾಲಿಶೂ ಬೇಡ, ವ್ಯಾಕ್ಸೂ ಬೇಡ.

ಪ್ರಶ್ನೆ: ಬೋರ್‌ವೆಲ್ ನೀರಲ್ಲಿ ತೊಳೆದು ತೊಳೆದು ಗಾಡಿ ಮೈ ತುಂಬಾ ಬಿಳಿ ಚುಕ್ಕೆ ಆಗಿದೆ. ಮೆಷಿನ್ ಪಾಲಿಶ್‌ನಿಂದ ಹೋಗುತ್ತಾ?
— ಬಳ್ಳಾರಿಯ ಓದುಗರು

ಉತ್ತರ: ಹೋಗುತ್ತದೆ, ಆದರೆ ಮೊದಲು ಮೆಷಿನ್ ಬೇಡ. ಅದು ನೀರು ಆರಿದ ಮೇಲೆ ಉಳಿದ ಸುಣ್ಣದಂಶ. ಬಿಳಿ ವಿನೆಗರ್‌ಗೆ ಅಷ್ಟೇ ನೀರು ಬೆರೆಸಿ, ಬಟ್ಟೆ ಅದ್ದಿ, ತಣ್ಣಗಿರುವ ಪ್ಯಾನೆಲ್ ಮೇಲೆ ಒಂದು ನಿಮಿಷ ಇಟ್ಟು, ಚೆನ್ನಾಗಿ ತೊಳೆಯಿರಿ. ಚುಕ್ಕೆ ಹೊಸದಾಗಿದ್ದರೆ ಇಷ್ಟಕ್ಕೇ ಬಿಡುತ್ತದೆ. ಉಗುರಲ್ಲಿ ಸವರಿದಾಗ ಸಣ್ಣ ಗುಳಿ ತಾಗಿದರೆ ಅದು ಕ್ಲಿಯರ್ ಕೋಟ್‌ನೊಳಕ್ಕೇ ಇಳಿದಿದೆ. ಅಂಥದ್ದನ್ನು ಮನೆಯಲ್ಲಿ ಕೆದಕಬೇಡಿ. ಪೇಂಟ್ ದಪ್ಪ ಅಳೆಯುವ ಮೀಟರ್ ಇರುವವರಿಗೇ ತೋರಿಸಿ.

ಪ್ರಶ್ನೆ: ಅಪಾರ್ಟ್‌ಮೆಂಟ್ ಬೇಸ್‌ಮೆಂಟ್‌ನಲ್ಲಿ ಪ್ಲಗ್ ಪಾಯಿಂಟ್ ದೂರ ಇದೆ. ಬ್ಯಾಟರಿ ಮೆಷಿನ್ ತಗೊಳ್ಳಲಾ?
— ಬೆಂಗಳೂರಿನ ಓದುಗರು

ಉತ್ತರ: ಒಂದು ಬ್ಯಾಟರಿಗೆ ಬಾನೆಟ್ ಮುಗಿಯುವಷ್ಟರಲ್ಲಿ ಚಾರ್ಜ್‌ಗೆ ಓಡಬೇಕಾಗಬಹುದು. ಇಡೀ ಗಾಡಿಗೆ ಮೂರ್ನಾಲ್ಕು ಬ್ಯಾಟರಿ ಬೇಕು, ಅದರ ದುಡ್ಡಲ್ಲಿ ಇನ್ನೊಂದು ಮೆಷಿನ್ ಬರುತ್ತದೆ. ವೈರ್ ಇರುವುದನ್ನೇ ತಗೊಂಡು 1.5 ಎಸ್‌ಕ್ಯೂ ಎಂಎಂನ ದಪ್ಪ ಎಕ್ಸ್‌ಟೆನ್ಶನ್ ಹಾಕಿ, ಸುರುಳಿ ಪೂರ್ತಿ ಬಿಚ್ಚಿ. ಸುತ್ತಿದ್ದ ವೈರ್ ಬಿಸಿಯಾಗುತ್ತದೆ. ಮೆಷಿನ್ ವೈರನ್ನು ಭುಜದ ಮೇಲಿಂದ ಹಿಂದಕ್ಕೆ ಹಾಕಿಕೊಳ್ಳಿ, ಇಲ್ಲದಿದ್ದರೆ ಅದೇ ಬಣ್ಣಕ್ಕೆ ಉಜ್ಜಿ ಹೊಸ ಗೀರು ಮಾಡುತ್ತದೆ. ಸೊಸೈಟಿಯವರ ಒಪ್ಪಿಗೆ ತಗೊಳ್ಳೋದು ನಿಮ್ಮ ಪಾಡು.